ನಜೀಬುಲ್ಲಾ ಕಂಡ ಮೂರನೆಯ ಮೊನೆ

ನಲವತ್ತೇಳನೇ ಇಸವಿಯ ಆಷಾಢದಲ್ಲಿ ಒಂದು ಬೆಳಗ್ಗೆ ದೇವನಹಳ್ಳಿ ಪಕ್ಕದ ವಿಜಯಪುರದ ಕಾಫಿ ಹೋಟೆಲಿನಲ್ಲಿ ಪತ್ರಿಕೆ ಓದುತ್ತಿದ್ದರು. ನಮ್ಮೂರಿನಲ್ಲಿ ಪತ್ರಿಕೆ ಓದುವುದೆಂದರೆ ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರೆಲ್ಲ ಕಿವಿಗೊಟ್ಟು ನಡುನಡುವೆ ಬಾಯಿ ಹಾಕುವುದು. ಅಮೆರಿಕದಲ್ಲಿ ವಿಮಾನ ನಡೆಸುವವನೊಬ್ಬನಿಗೆ ಆಕಾಶದಲ್ಲಿ ತಟ್ಟೆಯಂಥ ವಸ್ತುಗಳು ಹಾರುತ್ತಿದ್ದದ್ದು ಕಂಡಿತಂತೆ. “ಬರೀ ತಟ್ಟೇನಾ, ಲೋಟಾನೂ ಇತ್ತಾ?” ಎಂದು ಯಾರೋ ಕೇಳಿದರು. ಹೋಟೆಲಿಗೆ ಹೋಟೆಲೇ ನಕ್ಕಿತು. ಮೂಲೆಯ ಬೆಂಚಿನಲ್ಲಿ ಕೂತಿದ್ದ ನಜೀಬುಲ್ಲಾ ಅರ್ಧ ಕುಡಿದ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೊರಗೆ ಹೋದ.

ನನಗೆ ಸಿಟ್ಟು ನೆತ್ತಿಗೇರಿತು. ನಗುವವರಿಗೆ ನಗುವುದಕ್ಕೆ ಏನು ಬೇಕಾದರೂ ಆಗುತ್ತದೆ. ಅವನ ಹಿಂದೆಯೇ ಹೋಗಿ ಬೀದಿಯಲ್ಲಿ ತಡೆದೆ. “ಜವರಪ್ಪ, ಜಡಿಗೇನಹಳ್ಳಿಗೆ ಹೋಗ್ಬೇಕು. ನೀನೂ ಬಾ. ಒಬ್ಬನೇ ಹೋಗೋಕೆ ನನ್ನ ಕೈಲಾಗಲ್ಲ” ಎಂದ. ಯಾಕೆ ಎಂದು ನಾನು ಕೇಳಲಿಲ್ಲ. ಈ ಮಾತು ಇವತ್ತೋ ನಾಳೆಯೋ ಬರುತ್ತದೆಂದು ಮೂರು ವರ್ಷದಿಂದ ಕಾಯುತ್ತಿದ್ದೆ.

ನಾನು ಅವನನ್ನು ಚಿಕ್ಕಂದಿನಿಂದ ಬಲ್ಲೆ. ನಮ್ಮದು ಹಿಪ್ಪುನೇರಳೆ ತೋಟ. ರೇಷ್ಮೆಗೂಡು ಬೆಳೆದು ಅವರ ಮನೆಗೆ ಕೊಡುತ್ತಿದ್ದೆವು. ಅವರದು ನೂಲು ಬಿಚ್ಚುವ ಮನೆ. ತಂದೆ ಮಸ್ತಾನ್ ಸಾಹೇಬರು ಬೇಗ ತೀರಿಕೊಂಡರು. ತಾಯಿ ಜಹೀರುನ್ನೀಸಾ ಹೊಗೆಯಲ್ಲಿ, ಹುಳುವಿನ ನಾತದಲ್ಲಿ ಕೂತು ರಾಟೆ ತಿರುಗಿಸಿ ಮಗನನ್ನು ಹೈಸ್ಕೂಲಿನವರೆಗೆ ಓದಿಸಿದರು. ಅವನು ಶಾಲೆಯಿಂದ ಬಂದವನೇ ಚೀಲ ಮೂಲೆಗೆಸೆದು ತಾಯಿಯ ಪಕ್ಕ ಕೂರುತ್ತಿದ್ದ.

ನೂಲು ಬಿಚ್ಚುವುದನ್ನು ನೋಡಿಲ್ಲದವರಿಗೆ ಒಂದು ಮಾತು ಹೇಳಬೇಕು. ಬಿಸಿನೀರಿನ ಬಾಣಲೆಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದೊಂದರ ಎಳೆಯೂ ಕಂಡೂ ಕಾಣದಷ್ಟು ಸಣ್ಣದು. ಹಲವು ಎಳೆ ಕೂಡಿಸಿ ಒಂದು ನೂಲು ಮಾಡಿ ರಾಟೆಗೆ ಸುತ್ತಬೇಕು. ನಡುವೆ ಗಂಟು ಬಂದರೆ, ದಪ್ಪ ಬಂದರೆ, ಅಷ್ಟನ್ನು ಉಗುರಿನಿಂದ ಚಿವುಟಿ ಬಿಸಾಡಿ, ತುದಿಗೆ ತುದಿ ಹೊಸೆದು ಮತ್ತೆ ತಿರುಗಿಸಬೇಕು. ಕೊಳ್ಳುವವನಿಗೆ ಅಲ್ಲೊಂದು ಗಂಟಿತ್ತು ಎಂಬ ಸುಳಿವೂ ಸಿಗಬಾರದು. ಒಳ್ಳೆಯ ಬಿಚ್ಚುಗಾರ ಇದನ್ನು ಯೋಚಿಸಿ ಮಾಡುವುದಿಲ್ಲ. ಕಣ್ಣು ಕಾಣುವ ಹೊತ್ತಿಗೆ ಕೈ ಕೆಲಸ ಮುಗಿಸಿರುತ್ತದೆ. ನಜೀಬುಲ್ಲಾ ಅಂಥ ಬಿಚ್ಚುಗಾರ.

ಯುದ್ಧ ಬಂತು. ನಮ್ಮ ರೇಷ್ಮೆಗೆ ಎಂದೂ ಇಲ್ಲದ ಬೇಡಿಕೆ ಬಂತು. ಪ್ಯಾರಾಚೂಟಿಗೆ ಬೇಕಂತೆ ಎಂದರು. ದೇವನಹಳ್ಳಿಯಾಚೆಯ ಒಂದು ದಿಬ್ಬದ ಮೇಲೆ ಸೇನೆಯವರು ಗುಡಾರ ಹಾಕಿ, ಮಂಚದ ಚೌಕಟ್ಟಿನಂಥ ಕಬ್ಬಿಣದ ಯಂತ್ರವೊಂದನ್ನು ನಿಲ್ಲಿಸಿದರು. ಅದು ದಿನವೆಲ್ಲ ಆ ಕಡೆ ಈ ಕಡೆ ತಿರುಗುತ್ತಿತ್ತು. ಅದು ಮೋಡ ಓಡಿಸುವ ಯಂತ್ರ, ಅದಕ್ಕೇ ಮಳೆ ಇಲ್ಲ ಎಂದು ನಮ್ಮ ಕಡೆಯ ರೈತರು ಅಮಲ್ದಾರರ ಹತ್ತಿರ ದೂರು ಒಯ್ದಿದ್ದರು. ಒಯ್ದವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಅದನ್ನು ರೇಡಾರ್ ಎನ್ನುತ್ತಾರೆ, ದೂರದ ವಿಮಾನ ಕಣ್ಣಿಗೆ ಬೀಳುವ ಮೊದಲೇ ಅದಕ್ಕೆ ಗೊತ್ತಾಗುತ್ತದೆ ಎಂಬುದೆಲ್ಲ ಊರಿನವರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ.

ಆ ಯಂತ್ರದ ಮುಂದೆ ಕೂರಲು ಕಣ್ಣು ಚುರುಕಾದ, ಇಂಗ್ಲಿಷ್ ಬಲ್ಲ ಹುಡುಗರು ಬೇಕಿದ್ದರು. ನಜೀಬುಲ್ಲಾ ಸೇನೆ ಸೇರಿದ. ಎಲ್ಲೋ ದೂರ ಕಲಿಸಿ, ಕೊನೆಗೆ ಮನೆಯ ಹತ್ತಿರದ ದಿಬ್ಬಕ್ಕೇ ತಂದು ಹಾಕಿದರು. ಕತ್ತಲು ಗುಡಾರದಲ್ಲಿ ಒಂದು ಗಾಜು, ಅದರೊಳಗೆ ನಡುಗುವ ಹಸಿರು ಗೆರೆ. ವಿಮಾನವಿದ್ದರೆ ಗೆರೆಯ ಮೇಲೆ ಒಂದು ಮೊನೆ ಏಳುತ್ತದೆ. ಎಷ್ಟೇ ಚಿಕ್ಕ ಮೊನೆ ಕಂಡರೂ ಅದರ ದೂರ, ದಿಕ್ಕನ್ನು ಕೂಗಿ ಹೇಳಬೇಕು, ಪಕ್ಕದವನು ನಕ್ಷೆಯಲ್ಲಿ ಗುರುತು ಹಾಕುತ್ತಾನೆ. ಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಕೂತವನ ಕೆಲಸವಲ್ಲ. “ರೇಷ್ಮೆ ಎಳೆ ನೋಡ್ದಂಗೇ ಇರುತ್ತೆ ಕಣೋ, ಬಿಸಿನೀರೊಂದಿಲ್ಲ ಅಷ್ಟೇ” ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದ. ಆ ಮಾತೇ ಮುಂದೆ ಅವನಿಗೆ ಮುಳುವಾಯಿತು.

ಜಡಿಗೇನಹಳ್ಳಿಯ ಚಿನ್ನಸ್ವಾಮಿ ಅದೇ ಸೇನೆಯಲ್ಲಿ ವಿಮಾನ ನಡೆಸುತ್ತಿದ್ದ. ತಂದೆ ಇಲ್ಲ. ತಾಯಿ ಅಕ್ಕಯಮ್ಮನಿಗೆ ಒಬ್ಬನೇ ಮಗ. ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದವನು ತಾಯಿ ಬೇಡವೆಂದರೂ ಕೇಳದೆ ಹೋಗಿ ಪೈಲಟ್ ಆಗಿ ಬಂದ. ಊರ ಮೇಲೆ ಹಾರುವಾಗ ಕೆರೆ ಏರಿಯ ಹತ್ತಿರ ಬಂದು ರೆಕ್ಕೆ ಒಮ್ಮೆ ಓಲಾಡಿಸಿ ಹೋಗುತ್ತಿದ್ದ. ದನ ಬೆದರಿ ಓಡಿದರೂ ಊರಿನವರು ಬೈಯುತ್ತಿರಲಿಲ್ಲ, ನಮ್ಮ ಹುಡುಗ ಎಂದು ಬೀಗುತ್ತಿದ್ದರು. ಅವನಿಗೂ ನಜೀಬುಲ್ಲಾನಿಗೂ ದರ್ಜೆಯಲ್ಲಿ ಬಹಳ ಅಂತರ. ಆದರೆ ಆ ಕ್ಯಾಂಪಿನಲ್ಲಿ ಈ ಕಡೆಯ ಕನ್ನಡ ಆಡುವವರು ಇವರಿಬ್ಬರೇ ಆದ್ದರಿಂದ ಎದುರಾದಾಗ ನಾಲ್ಕು ಮಾತಾಡುತ್ತಿದ್ದರು.

ನಲವತ್ನಾಲ್ಕರ ಸಂಕ್ರಾಂತಿ ಕಳೆದು ಸ್ವಲ್ಪ ದಿನ. ಮಂಜು ಕರಗಿ ಆಕಾಶ ತೊಳೆದಿಟ್ಟಂತಿತ್ತು. ಚಿನ್ನಸ್ವಾಮಿಯೂ ಇಂಗ್ಲಿಷಿನವನೊಬ್ಬನೂ ಎರಡು ವಿಮಾನಗಳಲ್ಲಿ ಅಭ್ಯಾಸಕ್ಕೆ ಮೇಲೆ ಹೋಗಿದ್ದರು. ನಜೀಬುಲ್ಲಾ ಗಾಜಿನ ಮುಂದೆ ಕೂತಿದ್ದ. ಗೆರೆಯ ಮೇಲೆ ಎರಡು ಮೊನೆ. ನೋಡುತ್ತಿದ್ದಂತೆ ಪಕ್ಕದಲ್ಲಿ ಮೂರನೆಯದು ಎದ್ದಿತು. ಅಲ್ಲಿ ಇನ್ನೊಂದು ವಿಮಾನ ಇರಲು ಸಾಧ್ಯವಿರಲಿಲ್ಲ. ನಂದಿ ಬೆಟ್ಟದಿಂದ ಏಳುವ ಸುಳ್ಳು ಮೊನೆಯ ಜಾಗವೂ ಅದಲ್ಲ. ಅವನು ಎರಡನ್ನು ಮಾತ್ರ ಕೂಗಿದ. ಮೂರನೆಯದನ್ನು ಬಿಟ್ಟ. ಬಿಡಬೇಕೆಂದು ಬಿಟ್ಟದ್ದಲ್ಲ. ನೂಲಿನಲ್ಲಿ ಬಂದ ಗಂಟನ್ನು ಕೈ ಹೇಗೆ ಕಿತ್ತು ಬಿಸಾಡುತ್ತಿತ್ತೋ ನಾಲಗೆ ಹಾಗೆಯೇ ಅದನ್ನು ತೆಗೆದುಹಾಕಿತು. ಯಂತ್ರ ಮತ್ತೊಂದು ಸುತ್ತು ತಿರುಗಿ ಬಂತು, ಮತ್ತೆ ಎರಡನ್ನೇ ಕೂಗಿದ.

ಆಗ ವೈರ್‌ಲೆಸ್ಸಿನಲ್ಲಿ ಚಿನ್ನಸ್ವಾಮಿಯ ದನಿ ಬಂತು. ತನ್ನ ಬಲಕ್ಕೆ ಬೆಳ್ಳಿಬಣ್ಣದ ಗುಂಡನೆಯ ವಸ್ತುವೊಂದು ಜೊತೆಜೊತೆಗೆ ಬರುತ್ತಿದೆ, ರೆಕ್ಕೆ ಇಲ್ಲ, ಬಾಲ ಇಲ್ಲ, ನಾನು ತಿರುಗಿದರೆ ಅದೂ ತಿರುಗುತ್ತದೆ ಎಂದ. ಇಂಗ್ಲಿಷಿನವನೂ ಹೌದು, ನನಗೂ ಕಾಣುತ್ತಿದೆ ಎಂದ. ಮೂರನೆಯ ಮೊನೆ ಗಾಜಿನ ಮೇಲೆ ಇನ್ನೂ ಇತ್ತು. ಆ ಪಾಳಿಯ ಅಧಿಕಾರಿ ಗುಡಾರಕ್ಕೆ ನುಗ್ಗಿ, ಅಲ್ಲಿ ಎಷ್ಟಿವೆ ಎಂದು ಕೂಗಿದ. ಮೂರು ಎಂದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಯುದ್ಧಕಾಲದಲ್ಲಿ ಅದಕ್ಕೆ ಏನು ಶಿಕ್ಷೆ ಎಂದು ಎಲ್ಲರಿಗೂ ಕಲಿಸಿಯೇ ಕಳಿಸಿದ್ದರು. “ಎರಡೇ ಸಾರ್” ಎಂದುಬಿಟ್ಟ. ಹಾಗೆಂದವನ ಕಣ್ಣೆದುರಿಗೇ ಮೂರನೆಯ ಮೊನೆ ಕೋಲಾರದ ದಿಕ್ಕಿಗೆ ಯಾವ ವಿಮಾನವೂ ಹೋಗಲಾರದ ವೇಗದಲ್ಲಿ ಸರಿದು ಮಾಯವಾಯಿತು.

ಪೈಲಟ್‌ಗಳಿಬ್ಬರೂ ಇಳಿದು ಕಂಡದ್ದನ್ನು ಹೇಳಿದರು. ರೇಡಾರಿನಲ್ಲಿ ಏನೂ ಬಂದಿಲ್ಲ ಎಂದಾಗ ಇಂಗ್ಲಿಷಿನವನು, ಮೋಡಕ್ಕೆ ಬಿಸಿಲು ಹೊಳೆದದ್ದಿರಬಹುದು ಎಂದು ಜಾರಿಕೊಂಡ. ಚಿನ್ನಸ್ವಾಮಿ ಜಾರಿಕೊಳ್ಳಲಿಲ್ಲ. ಕಂಡದ್ದು ಕಂಡದ್ದೇ ಎಂದ. ಡಾಕ್ಟರು ಅವನ ಕಣ್ಣು ನೋಡಿದರು, ನಿದ್ದೆ ಬರುತ್ತದೆಯೇ ಎಂದು ಕೇಳಿದರು, ಮನೆಯಲ್ಲಿ ಯಾರಿಗಾದರೂ ಬುದ್ಧಿಭ್ರಮಣೆ ಇತ್ತೇ ಎಂದೂ ಕೇಳಿದರು. ವಿಮಾನದ ಹತ್ತಿರ ಹೋಗಬಾರದೆಂದು ಅಪ್ಪಣೆಯಾಯಿತು. ಬೆಂಗಳೂರಿನಿಂದ ಹಿರಿಯ ಅಧಿಕಾರಿ ಬಂದು ವಿಚಾರಣೆ ನಡೆಸುತ್ತಾನೆ, ಯುದ್ಧಕ್ಕೆ ಹೆದರಿ ನರ ದುರ್ಬಲವಾಗಿದೆ ಎಂದು ತೀರ್ಮಾನವಾದರೆ ಎದೆಯ ಮೇಲಿನ ರೆಕ್ಕೆ ಬಿಲ್ಲೆ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ ಎಂಬ ಮಾತು ಹರಡಿತು. ಕ್ಯಾಂಪಿಗೆ ನೀರು ಹೊರುತ್ತಿದ್ದ ಹೊಸಕೋಟೆ ಕಡೆಯವನೊಬ್ಬ ಅದನ್ನು ಊರಿಗೂ ಒಯ್ದ. ಅಕ್ಕಯಮ್ಮನ ಮಗನಿಗೆ ತಲೆ ಕೆಟ್ಟಿದೆಯಂತೆ ಎಂದು ಜಡಿಗೇನಹಳ್ಳಿಯಲ್ಲಿ ಪಿಸುಮಾತು ಶುರುವಾಯಿತು.

ರಜೆಯ ದಿನ ನಜೀಬುಲ್ಲಾ ಮನೆಗೆ ಬಂದ. ಅವತ್ತು ಗೂಡು ಹಾಕಲು ನಾನೂ ಅಲ್ಲಿದ್ದೆ. ಬಾಣಲೆಯ ಮುಂದೆ ಕೂತು ರಾಟೆ ತಿರುಗಿಸುತ್ತಿದ್ದವನು ಗಂಟೊಂದನ್ನು ಚಿವುಟಿ ಬಿಸಾಡಿ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ತನ್ನ ಉಗುರನ್ನೇ ನೋಡಿದ. ಆಮೇಲೆ ಅಲ್ಲೇ ಕೂತು ತಾಯಿಗೂ ನನಗೂ ಎಲ್ಲವನ್ನೂ ಹೇಳಿದ. ಹೇಳಬಾರದ ಗುಟ್ಟು ಅದು, ಆದರೆ ಅವನಿಗೆ ಇನ್ನು ಹೊರಲು ಆಗುತ್ತಿರಲಿಲ್ಲ.

ಜಹೀರುನ್ನೀಸಾ ತಮ್ಮ ರಾಟೆ ಬಿಡಲಿಲ್ಲ. “ಆ ಹುಡುಗನಿಗೆ ತಾಯಿ ಇದ್ದಾಳಾ?” ಎಂದು ಕೇಳಿದರು.

“ಇದ್ದಾಳೆ ಅಮ್ಮೀ.”

“ಹಂಗಾದ್ರೆ ಸುಮ್ನಿರು ಬೇಟಾ. ಅವನನ್ನ ಮನೆಗೆ ಕಳಿಸ್ತಾರೆ ಅಲ್ವಾ, ಕಳಿಸ್ಲಿ. ಬಿಲ್ಲೆ ಹೋಗುತ್ತೆ, ಜೀವ ಉಳಿಯುತ್ತೆ. ಅವಳು ನಿನಗೆ ದುವಾ ಮಾಡ್ತಾಳೆ. ನಿನ್ನ ನೌಕರಿನೂ ಉಳಿಯುತ್ತೆ.”

ನನಗೂ ಅದು ನ್ಯಾಯವಾದ ಮಾತೇ ಎನಿಸಿತು. ಬರ್ಮಾ ಕಡೆಯಿಂದ ಬರುತ್ತಿದ್ದ ಸುದ್ದಿ ಚೆನ್ನಾಗಿರಲಿಲ್ಲ. ಸುಮ್ಮನಿದ್ದರೆ ಇಬ್ಬರಿಗೂ ಒಳ್ಳೆಯದಾಗುವಾಗ ಬಾಯಿ ಬಿಟ್ಟು ಇಬ್ಬರೂ ಹಾಳಾಗುವುದು ಯಾವ ಬುದ್ಧಿವಂತಿಕೆ? ನಜೀಬುಲ್ಲಾ ತಲೆಯಾಡಿಸಿದ. ಸುಮ್ಮನಿರುವುದೆಂದು ಒಪ್ಪಿಕೊಂಡೇ ಕ್ಯಾಂಪಿಗೆ ಹೋದ.

ಅಲ್ಲಿ ಚಿನ್ನಸ್ವಾಮಿ ಗುಡಾರದ ಹೊರಗೆ ಪೆಟ್ಟಿಗೆಯೊಂದರ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಮೇಲೆ ವಿಮಾನವೊಂದು ಹೋದರೂ ತಲೆ ಎತ್ತಿ ನೋಡಲಿಲ್ಲ. ನಜೀಬುಲ್ಲಾ ಸಲಾಮು ಹೊಡೆದು ಮುಂದೆ ಹೋಗಬೇಕೆಂದಿದ್ದ.

“ನಜೀಬುಲ್ಲಾ, ಬಾ ಇಲ್ಲಿ. ಅವತ್ತು ಗಾಜಿನ ಮುಂದೆ ನೀನೇ ಇದ್ದೆಯಂತೆ. ನಿಜ ಹೇಳಪ್ಪಾ, ಏನೂ ಕಾಣ್ಲಿಲ್ವಾ?”

ನಜೀಬುಲ್ಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಚಿನ್ನಸ್ವಾಮಿಯೇ ಮುಂದುವರಿಸಿದ.

“ಅವರು ಬಿಲ್ಲೆ ಕಿತ್ಕೊಂಡ್ರೆ ಕಿತ್ಕೊಳ್ಲಿ. ನಂಗೇ ನನ್ನ ಮೇಲೆ ಅನುಮಾನ ಬಂದ್ಬಿಟ್ಟಿದೆ. ಬೆಳಗ್ಗೆ ಎದ್ದು ಎದುರಿಗಿರೋ ಮರ ನೋಡಿದ್ರೆ, ಇದು ನಿಜವಾಗ್ಲೂ ಇದ್ಯಾ ಅನ್ಸುತ್ತೆ. ಹಿಂಗೆ ಹೆಂಗಪ್ಪಾ ಬದುಕೋದು?”

ಮರುದಿನ ವಿಚಾರಣೆಯಲ್ಲಿ ಕರೆದಾಗ ನಜೀಬುಲ್ಲಾ ಹೇಳಿಬಿಟ್ಟ. ಹಿರಿಯ ಅಧಿಕಾರಿ ಹಳೆಯ ಹೇಳಿಕೆಯ ಕಾಗದವನ್ನು ಮುಂದಕ್ಕೆ ಎಳೆದುಕೊಂಡನಂತೆ. “ಅವತ್ತು ಎರಡು ಎಂದೆ, ಇವತ್ತು ಮೂರು ಎನ್ನುತ್ತೀಯೆ. ಯಾವುದು ಸುಳ್ಳು?”

“ಅವತ್ತಿನದು, ಸಾರ್.”

ಆ ವಸ್ತು ಎಷ್ಟು ದೂರವಿತ್ತು, ಯಾವ ಕಡೆ ಹೋಯಿತು ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಅದು ಕೋಲಾರದ ದಿಕ್ಕಿಗೆ ಹೋಯಿತು ಎಂಬುದನ್ನು ಪೈಲಟ್‌ಗಳು ಮುಚ್ಚಿದ ಬಾಗಿಲ ಹಿಂದೆ ಮಾತ್ರ ಹೇಳಿದ್ದರು. ನಜೀಬುಲ್ಲಾ ಅದನ್ನೇ ಹೇಳಿದಾಗ ಇಂಗ್ಲಿಷಿನ ಪೈಲಟ್ ನೆಲ ನೋಡಿದ. ಆಮೇಲೆ ಎದ್ದು ನಿಂತು, ನಾನೂ ಕಂಡದ್ದು ನಿಜ, ಮೋಡವಿರಲಿಲ್ಲ, ಕ್ಷಮಿಸಬೇಕು ಎಂದ. ಯಾಕೆ ಮೊದಲೇ ಕೂಗಲಿಲ್ಲ ಎಂದು ಕೇಳಿದ್ದಕ್ಕೆ ನಜೀಬುಲ್ಲಾ ರೇಷ್ಮೆ ನೂಲು, ಗಂಟು, ಉಗುರು ಎಂದೆಲ್ಲ ವಿವರಿಸಲು ಹೋದ. ಅವರಿಗೆ ಒಂದೂ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಶಿಕ್ಷೆ ಕಡಿಮೆಯಾಗುತ್ತಿರಲಿಲ್ಲ ಬಿಡಿ.

ಆ ವಸ್ತು ಏನೆಂದು ಯಾರೂ ಕಂಡುಹಿಡಿಯಲಿಲ್ಲ. ಜಪಾನಿನವರದಲ್ಲ, ನಮ್ಮದಲ್ಲ, ಬಲೂನಲ್ಲ ಎಂದಷ್ಟೇ ಖಾತ್ರಿಯಾಯಿತು. ಈ ಮಾತು ಇಲ್ಲಿಗೆ ಮುಗಿಯಿತು, ಹೊರಗೆ ಯಾರೂ ಉಸಿರೆತ್ತಕೂಡದು ಎಂದು ಆಜ್ಞೆ ಮಾಡಿ ಅಧಿಕಾರಿ ಹೊರಟುಹೋದ. ನಜೀಬುಲ್ಲಾನನ್ನು ಕೆಲವು ವಾರ ಸೆರೆಯಲ್ಲಿಟ್ಟು ಸೇನೆಯಿಂದ ತೆಗೆದುಹಾಕಿದರು. ಚಿನ್ನಸ್ವಾಮಿಗೆ ವಿಮಾನ ಮರಳಿ ಸಿಕ್ಕಿತು. ಗಡಿಗೆ ಹೊರಡುವ ಮೊದಲು ಅವನು ಸೆರೆ ಗುಡಾರದ ಹತ್ತಿರ ಬಂದು, ಕಾವಲಿನವನನ್ನು ಆಚೆ ಕಳಿಸಿ, ನಜೀಬುಲ್ಲಾನ ಎರಡೂ ಕೈ ಹಿಡಿದುಕೊಂಡ. ಅಳುತ್ತಿದ್ದನಂತೆ. “ಮರ ಇದೆ ಕಣಪ್ಪಾ. ನೋಡ್ಕೊಂಡೇ ಬಂದೆ” ಎಂದನಂತೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಇಂಫಾಲದ ಕಡೆ ಅವನ ವಿಮಾನ ಬಿದ್ದ ಸುದ್ದಿ ಬಂತು. ದೇಹವೂ ಸಿಗಲಿಲ್ಲ. ಜಡಿಗೇನಹಳ್ಳಿಯವರು ಯುದ್ಧದಲ್ಲಿ ಸತ್ತ ಎಂದು ಬಾಯಲ್ಲಿ ಹೇಳಿದರು. ಹಿಂದಿನಿಂದ, ಮೊದಲೇ ತಲೆ ಸರಿ ಇರಲಿಲ್ಲವಲ್ಲ, ಏನನ್ನೋ ಕಂಡು ಅಟ್ಟಿಸಿಕೊಂಡು ಹೋಗಿ ತಾನೇ ಬಿದ್ದಿರಬೇಕು ಎಂದರು. ಮಾತನಾಡುವ ಬಾಯಿಗೆ ಲಂಗುಲಗಾಮು ಎಲ್ಲಿ?

ನಜೀಬುಲ್ಲಾ ಸುದ್ದಿ ಕೇಳಿದ ದಿನ ರಾಟೆಯ ಮುಂದಿನಿಂದ ಎದ್ದು ಮೂರು ದಿನ ಊಟ ಮಾಡಲಿಲ್ಲ. ಜಹೀರುನ್ನೀಸಾ, ನಾನು ಹೇಳಿರಲಿಲ್ಲವೇ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಅಷ್ಟಾದರೂ ಹಗುರವಾಗುತ್ತಿತ್ತೋ ಏನೋ. ಆಮೇಲೆ ಮೂರು ವರ್ಷ ಅವನು ನೂಲು ಬಿಚ್ಚಿದ, ನಮಾಜು ಮಾಡಿದ, ಮದುವೆಯ ಮಾತೆತ್ತಿದರೆ ಎದ್ದು ಹೋದ. ಒಂದು ಆಜ್ಞೆ, ಒಂದು ಅಂಜಿಕೆ, ಎರಡೂ ಸೇರಿ ಅವನನ್ನು ಜಡಿಗೇನಹಳ್ಳಿಗೆ ಬಿಡಲಿಲ್ಲ. ಈಗ ಅಮೆರಿಕದ ಸುದ್ದಿ ಪತ್ರಿಕೆಯಲ್ಲೇ ಬಂದಿದೆ, ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದಾರೆ. ಆಜ್ಞೆಯ ನೆಪ ಹೋಯಿತು. ಅಂಜಿಕೆ ಮಾತ್ರ ಉಳಿದಿತ್ತು.

ಅವತ್ತೇ ಹೊರಟೆವು. ಹೊಸಕೋಟೆಯವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಅಕ್ಕಯಮ್ಮ ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಪರಿಚಯ ಹೇಳಿದೆ. “ಅವ್ವಾ, ಇವರು ವಿಜಯಪುರದ ನಜೀಬುಲ್ಲಾ ಅಂತ. ನಿಮ್ಮ ಚಿನ್ನಸ್ವಾಮಿ ಇದ್ದ ಕ್ಯಾಂಪಲ್ಲೇ ಇದ್ರು.” ಮೊರ ನಿಂತಿತು. ಜಗುಲಿ ತೋರಿಸಿದರು. ನಾನು ಕೂತೆ. ಅವನು ಅಂಗಳದಲ್ಲಿ ನಿಂತೇ ಇದ್ದ.

ನಿಂತೇ ಎಲ್ಲವನ್ನೂ ಹೇಳಿದ. ಗಾಜು, ಗೆರೆ, ತಾನು ಬಿಟ್ಟ ಮೊನೆ, ತಾನು ಹೇಳಿದ ಸುಳ್ಳು.

“ಅಂಗಾರೆ ಊರೋರು ಅನ್ನೋದು?” ಎಂದು ಅಕ್ಕಯಮ್ಮ ಕೇಳಿದರು.

“ಸುಳ್ಳು ಅವ್ವಾ. ನಿಮ್ಮ ಮಗ ಕಂಡಿದ್ದು ನಿಜ. ಅವರ ಕಣ್ಣೂ ಸರಿ ಇತ್ತು, ತಲೇನೂ ಸರಿ ಇತ್ತು.”

“ಏನಪ್ಪಾ ಅದು, ಅವ್ನು ಕಂಡಿದ್ದು?”

“ಗೊತ್ತಿಲ್ಲ ಅವ್ವಾ. ಇತ್ತು ಅನ್ನೋದು ಮಾತ್ರ ಗೊತ್ತು.”

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಕಣ್ಣಿನಲ್ಲೇ ಸಾಕು ಎಂದು ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

“ಇನ್ನೊಂದು ಮಾತಿದೆ. ನಾನು ಕೊನೆವರೆಗೂ ಸುಮ್ನಿದ್ದಿದ್ರೆ ಅವರನ್ನ ಮನೆಗೆ ಕಳಿಸ್ಬಿಡ್ತಿದ್ರು. ಮತ್ತೆ ವಿಮಾನ ಹತ್ತೋಕೆ ಬಿಡ್ತಿರ್ಲಿಲ್ಲ. ನಮ್ಮಮ್ಮ ಹಂಗೇ ಇರು ಅಂದಿದ್ರು. ನಾನು ಕೇಳ್ಲಿಲ್ಲ.”

ಅಕ್ಕಯಮ್ಮ ಮೊರದ ರಾಗಿಯೊಳಗೆ ಕೈ ಇಟ್ಟರು. ಎದುರು ಮನೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

“ಅವ್ನೇ ಬಂದು ಕೇಳಿದ್ನಾ ನಿನ್ನ?”

“ಹೂಂ ಅವ್ವಾ. ನಂಗೇ ನನ್ನ ಮೇಲೆ ಅನುಮಾನ ಬಂದಿದೆ, ಹಿಂಗೆ ಹೆಂಗೆ ಬದುಕೋದು ಅಂದ್ರು.”

“ಅಂಗಂದ್ನಾ.” ಸೆರಗಿನಿಂದ ಮುಖ ಒರೆಸಿಕೊಂಡರು. “ಅಂಗಾರೆ ನೀನು ಮಾಡಿದ್ದು ಸರಿ ಕಣಪ್ಪಾ. ಅವ್ನ ಮುಂದೆ ನಿಂತ್ಕಂಡು ಯಾರಿಗೂ ಇಲ್ಲ ಅನ್ನಕ್ಕೆ ಆಗ್ತಿರ್ಲಿಲ್ಲ.”

ನಜೀಬುಲ್ಲಾನ ಭುಜ ಇಳಿಯಿತು. ಮೂರು ವರ್ಷದಲ್ಲಿ ಅವನು ಸರಿಯಾಗಿ ಉಸಿರು ಬಿಟ್ಟದ್ದು ಅದೇ ಮೊದಲು ಎನಿಸಿತು ನನಗೆ. ಆದರೆ ಅಕ್ಕಯಮ್ಮ ಇನ್ನೂ ಮುಗಿಸಿರಲಿಲ್ಲ.

“ಸರಿ ಅಂತ ಗೊತ್ತು. ಆದ್ರೂ ನಂಗೆ ಸಾಲ್ದು ಕಣಪ್ಪಾ. ಊರೋರ ಬಾಯಲ್ಲಿ ಹುಚ್ಚ ಅನ್ನಿಸ್ಕಂಡಾದ್ರೂ ಈ ಜಗುಲಿ ಮೇಲೆ ಕೂತಿದ್ರೆ, ನಾನು ದಿನಾ ಅವನಿಗೆ ಅನ್ನ ಇಕ್ತಿದ್ದೆ.”

ಇದನ್ನು ಬರೆಯುವ ಹೊತ್ತಿಗೆ ಬ್ರಿಟಿಷರು ಹೋಗಿ ಎರಡು ವರ್ಷವಾಗಿದೆ. ನಜೀಬುಲ್ಲಾ ಮಾಡಿದ್ದು ಸರಿ ಎಂದು ಹೋಟೆಲಿನಲ್ಲಿ, ಸಂತೆಯಲ್ಲಿ, ಯಾರ ಜೊತೆ ಬೇಕಾದರೂ ನಾನು ಜಗಳ ಕಾಯುತ್ತೇನೆ. ಅಕ್ಕಯಮ್ಮನ ಎದುರು ಮಾತ್ರ ಅದನ್ನು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಅವತ್ತು ನಜೀಬುಲ್ಲಾ ಅಂಗಳ ದಾಟಿ ಬಂದು ಜಗುಲಿಯ ಮೇಲೆ, ಅಕ್ಕಯಮ್ಮನಿಗೆ ಕಾಣುವ ಹಾಗೆ ಕೂತ. ಅವರು ಮೊರ ಪಕ್ಕಕ್ಕಿಟ್ಟು ಅವನನ್ನೇ ನೋಡುತ್ತಾ ಕೂತರು. ಹೊಸಕೋಟೆಗೆ ಹೋಗುವ ಕೊನೆಯ ಬಸ್ಸು ಊರ ಬಾಗಿಲಲ್ಲಿ ಹಾರನ್ ಹೊಡೆದು ಹೊರಟುಹೋಯಿತು. ನಾವು ಏಳಲಿಲ್ಲ.